ಮೂತ್ರಕೋಶದ ಕ್ಯಾನ್ಸರ್: ಹೆಸರು ಒಂದು, ಕಾಯಿಲೆ ಎರಡು

ಟಿಬಿ ಲಸಿಕೆಯಿಂದ ಮೂತ್ರಕೋಶದ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಒಂದು ಸುದ್ದಿ. ಮೂತ್ರಕೋಶವನ್ನೇ ತೆಗೆಯಬೇಕು ಅಂತ ಇನ್ನೊಂದು. ತೆಗೆಯೋದೇನೂ ಬೇಡ, ಒಳಗೊಂದು ಪುಟ್ಟ ಔಷಧಿ ಕೊಳವೆ ಇಟ್ಟರೆ ಆಯ್ತು, 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿದೆ ಅಂತ ಮತ್ತೊಂದು. ಅದೇ ತಿಂಗಳು ನಮ್ಮಲ್ಲಿ ಜಿಎಸ್‌ಟಿ ಇಳಿಯಿತು. 'ಕ್ಯಾನ್ಸರ್ ಔಷಧಿಗೆ ಇನ್ನು ತೆರಿಗೆ ಇಲ್ಲ' ಅನ್ನುವ ಫಾರ್ವರ್ಡ್ ಮನೆಮನೆಯ ವಾಟ್ಸಾಪ್ ಗುಂಪಿಗೂ ಬಂತು.

ಈ ಯಾವ ಸುದ್ದಿಯೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದೂ ಎಲ್ಲ ರೋಗಿಗೆ ಹೊಂದುವುದಿಲ್ಲ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮನೆಯ ಹಿರಿಯರಿಗೆ ಈ ಕಾಯಿಲೆ ಬಂದಾಗ ಮನೆಮಂದಿ ಗೊಂದಲಕ್ಕೆ ಬೀಳುವುದು ಇಲ್ಲೇ. ಯಾವ ಸುದ್ದಿ ಯಾರಿಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮೊದಲ ಪ್ರಶ್ನೆ: ಎಷ್ಟು ಆಳ?

ಕಿಡ್ನಿಯಿಂದ ಇಳಿದ ಮೂತ್ರ ತುಂಬಿಕೊಳ್ಳುವ ಸ್ನಾಯುವಿನ ಚೀಲವೇ ಮೂತ್ರಕೋಶ. ಒಳಮೈಗೆ ತೆಳು ಪೊರೆ, ಅದರ ಕೆಳಗೆ ಸಡಿಲವಾದ ಒಂದು ಪದರ, ಆಮೇಲೆ ದಪ್ಪ ಸ್ನಾಯು. ಕ್ಯಾನ್ಸರ್ ಬಹುತೇಕ ಹುಟ್ಟುವುದು ಒಳಪೊರೆಯಲ್ಲಿ. ಅದು ಸ್ನಾಯುವಿಗೆ ಇಳಿದಿದೆಯೋ ಇಲ್ಲವೋ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮಳೆಗಾಲದಲ್ಲಿ ಗೋಡೆಗೆ ಪಾಚಿ ಕಟ್ಟುವುದು ಬೇರೆ, ಅರಳಿ ಗಿಡದ ಬೇರು ಗೋಡೆಯೊಳಗೆ ಇಳಿಯುವುದು ಬೇರೆ. ಪಾಚಿಯನ್ನು ಕೆರೆಯಬಹುದು, ಆದರೆ ಮತ್ತೆ ಬರುತ್ತದೆ, ಕಣ್ಣಿಟ್ಟಿರಬೇಕು. ಬೇರು ಇಳಿದರೆ ಗೋಡೆಯ ಕಥೆಯೇ ಬೇರೆ.

ಪತ್ತೆಯಾಗುವಾಗ ನಾಲ್ಕರಲ್ಲಿ ಸುಮಾರು ಮೂರು ಪ್ರಕರಣ ಸ್ನಾಯುವಿಗೆ ಇಳಿದಿರುವುದಿಲ್ಲ. ರಿಪೋರ್ಟಿನಲ್ಲಿ ಟಿಎ, ಟಿ1, ಸಿಐಎಸ್ ಅಂತ ಬರೆದಿದ್ದರೆ ಅದು ಈ ಗುಂಪು. ಟಿ2 ಅಥವಾ ಅದಕ್ಕಿಂತ ಮೇಲೆ ಇದ್ದರೆ ಸ್ನಾಯುವಿಗೆ ಇಳಿದಿದೆ ಅಂತ ಅರ್ಥ. ಇದರ ಜೊತೆ ಗ್ರೇಡ್ ಅಂತ ಇನ್ನೊಂದು ಲೆಕ್ಕ ಇದೆ, ಅಂದರೆ ಜೀವಕೋಶ ಎಷ್ಟು ಉಗ್ರ ಅನ್ನುವುದು. ಸಿಐಎಸ್ ಮಾತ್ರ ಸ್ವಲ್ಪ ಮೋಸದ್ದು. ಗೆಡ್ಡೆಯ ಹಾಗೆ ಎದ್ದು ಕಾಣುವುದಿಲ್ಲ, ಪೊರೆಯಲ್ಲೇ ಚಪ್ಪಟೆಯಾಗಿ ಹರಡಿರುತ್ತದೆ. ಆಳವಿಲ್ಲದಿದ್ದರೂ ಉಗ್ರ.

ಟಿಬಿ ಲಸಿಕೆಯ ಸುದ್ದಿ, ಪುಟ್ಟ ಕೊಳವೆಯ ಸುದ್ದಿ ಮೊದಲ ಗುಂಪಿನದು. ಮೂತ್ರಕೋಶ ತೆಗೆಯುವ ಮಾತು ಹೆಚ್ಚಾಗಿ ಎರಡನೆಯದು. ತೆರಿಗೆ ಇಳಿದ ದುಬಾರಿ ಔಷಧಿಗಳು ಸದ್ಯಕ್ಕೆ ಬಹುತೇಕ ಎರಡನೆಯ ಗುಂಪಿಗೆ ಮತ್ತು ಬೇರೆ ಅಂಗಕ್ಕೆ ಹರಡಿದವರಿಗೆ.

ನೋವಿಲ್ಲದ ರಕ್ತ

ಮೂತ್ರದಲ್ಲಿ ರಕ್ತ ಬರುವುದು ಈ ಕಾಯಿಲೆಯ ಮುಖ್ಯ ಸೂಚನೆ. ತೊಂದರೆ ಏನೆಂದರೆ ಅದರ ಜೊತೆ ಹೆಚ್ಚಾಗಿ ನೋವು ಇರುವುದಿಲ್ಲ, ಮತ್ತು ಅದು ತಾನಾಗಿ ನಿಲ್ಲುತ್ತದೆ. ಒಂದು ದಿನ ಕೆಂಪಗೆ ಹೋಯಿತು, ಎರಡು ದಿನಕ್ಕೆ ಸರಿಯಾಯಿತು. ಆಮೇಲೆ ಮೂರು ತಿಂಗಳು ಏನೂ ಇಲ್ಲ. ಈ ನಡುವೆ 'ಉಷ್ಣ ಆಗಿದೆ' ಅಂತ ಬಾರ್ಲಿ ನೀರು, ಎಳನೀರು. 'ಕಲ್ಲಿರಬೇಕು' ಅಂತ ಬಾಳೆದಿಂಡಿನ ರಸ. ಕುಡಿದ ಮೇಲೆ ರಕ್ತ ನಿಂತಿತಲ್ಲ, ಹಾಗಾಗಿ ಔಷಧಿ ಹಿಡಿಯಿತು ಅಂತ ನಂಬಿಕೆ ಬರುತ್ತದೆ. ನಿಲ್ಲುವುದು ಹೇಗೂ ಇತ್ತು. ಎಳನೀರಿನ ತಪ್ಪೇನೂ ಇಲ್ಲ ಬಿಡಿ, ಆದರೆ ಆ ಮೂರು ತಿಂಗಳು ಹೋಯಿತು.

ಹೆಂಗಸರಲ್ಲಿ ಇನ್ನೊಂದು ರೀತಿಯ ತಡ. ಈ ಕ್ಯಾನ್ಸರ್ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಜಾಸ್ತಿ. ಹಾಗಾಗಿ ಹೆಂಗಸರಿಗೆ ರಕ್ತ ಬಂದರೆ ಯೂರಿನ್ ಇನ್‌ಫೆಕ್ಷನ್ ಅಂತಲೇ ಮೊದಲು ಯೋಚನೆ ಹೋಗುತ್ತದೆ. ಒಂದು ಕೋರ್ಸ್ ಆಂಟಿಬಯಾಟಿಕ್, ಮತ್ತೆ ಒಂದು ಕೋರ್ಸ್. ಮುಟ್ಟು ನಿಂತವರಲ್ಲಿ ರಕ್ತ ಎಲ್ಲಿಂದ ಬಂತು ಅನ್ನುವುದೇ ಗೊತ್ತಾಗದೆ ಹೋಗುವುದೂ ಉಂಟು. ಪರದೇಶದ ಅಧ್ಯಯನಗಳಲ್ಲೂ ಹೆಂಗಸರಲ್ಲಿ ಕಾಯಿಲೆ ತಡವಾಗಿ ಪತ್ತೆಯಾಗುವುದು ಕಂಡುಬಂದಿದೆ.

ಕೆಂಪು ಮೂತ್ರವೆಲ್ಲ ಕ್ಯಾನ್ಸರ್ ಅಲ್ಲ, ಅದೂ ನಿಜ. ಬೀಟ್‌ರೂಟ್ ತಿಂದರೆ ಬಣ್ಣ ಬರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ ಕಿತ್ತಳೆ-ಕೆಂಪಗಾಗುತ್ತದೆ. ಕಲ್ಲು, ಸೋಂಕು, ಪ್ರಾಸ್ಟೇಟ್ ಎಲ್ಲವೂ ರಕ್ತ ತರಿಸಬಹುದು. ಆದರೆ ನಲವತ್ತು ದಾಟಿದವರಲ್ಲಿ, ಅದರಲ್ಲೂ ಬೀಡಿ-ಸಿಗರೇಟು ಸೇದುವವರಲ್ಲಿ, ನೋವಿಲ್ಲದೆ ಒಂದೇ ಒಂದು ಸಲ ರಕ್ತ ಕಂಡರೂ ಸ್ಕ್ಯಾನಿಂಗ್ ಮತ್ತು ದುರ್ಬೀನು ಪರೀಕ್ಷೆ ಮಾಡಿಸಬೇಕು ಅನ್ನುವುದರಲ್ಲಿ ವೈದ್ಯರಲ್ಲಿ ಎರಡು ಮಾತಿಲ್ಲ. ಬರೀ ಹೊಟ್ಟೆಯ ಸ್ಕ್ಯಾನಿಂಗ್ ಸಾಲದು. ಸಣ್ಣ ಗೆಡ್ಡೆ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ, ಸಿಐಎಸ್ ಅಂತೂ ಕಾಣುವುದೇ ಇಲ್ಲ. ಮೂತ್ರನಾಳದ ಮೂಲಕ ತೆಳು ದುರ್ಬೀನು ಹಾಕಿ ಒಳಗೆ ನೋಡುವ ಸಿಸ್ಟೋಸ್ಕೋಪಿಯೇ ಬೇಕು.

ಹಾಗಿದ್ದರೆ ಊರಿನವರನ್ನೆಲ್ಲ ಕ್ಯಾಂಪ್ ಮಾಡಿ ಯಾಕೆ ಪರೀಕ್ಷಿಸಬಾರದು? ರಕ್ತದ ಲಕ್ಷಣವೇ ಇಲ್ಲದವರನ್ನು ಸಾಮೂಹಿಕವಾಗಿ ಪರೀಕ್ಷಿಸಿದರೆ ಸಾವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ. ಹಾಗಾಗಿ ಯಾವ ದೊಡ್ಡ ಸಂಸ್ಥೆಯೂ ಅದನ್ನು ಶಿಫಾರಸು ಮಾಡಿಲ್ಲ.

ಅಡಿಕೆಯೋ, ಬೀಡಿಯೋ, ಸಕ್ಕರೆ ಮಾತ್ರೆಯೋ

ಮಲೆನಾಡಿನಲ್ಲಿ ಕ್ಯಾನ್ಸರ್ ಅಂದ ತಕ್ಷಣ ಮಾತು ಅಡಿಕೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಅದನ್ನು ಈಗಲೂ ಒಪ್ಪುವುದಿಲ್ಲ. ಆದರೆ ಆ ತೀರ್ಮಾನದ ಮುಖ್ಯ ಆಧಾರ ಬಾಯಿಯ ಕ್ಯಾನ್ಸರ್. ಮೂತ್ರಕೋಶದ ವಿಷಯದಲ್ಲಿ ಆ ಜಗಳವನ್ನು ಇಲ್ಲಿಗೆ ಎಳೆದು ತರುವ ಅಗತ್ಯವಿಲ್ಲ.

ಇಲ್ಲಿ ನಿಜವಾದ ಆರೋಪಿ ಹೊಗೆ. ಬೀಡಿ-ಸಿಗರೇಟಿನ ಹೊಗೆಯ ರಾಸಾಯನಿಕಗಳು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಬರುತ್ತವೆ. ಕಿಡ್ನಿ ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆಮೇಲೆ ಆ ಮೂತ್ರ ಗಂಟೆಗಟ್ಟಲೆ ಒಳಪೊರೆಗೆ ತಾಗಿಕೊಂಡೇ ನಿಂತಿರುತ್ತದೆ. ಎಳೆದದ್ದು ಎದೆಗೆ, ಪೆಟ್ಟು ಬಿದ್ದದ್ದು ಕಿಬ್ಬೊಟ್ಟೆಗೆ. ಪಶ್ಚಿಮದ ದೇಶಗಳಲ್ಲಿ ಈ ಕ್ಯಾನ್ಸರಿನ ಸುಮಾರು ಅರ್ಧ ಪ್ರಕರಣಗಳಿಗೆ ಹೊಗೆಯೇ ಕಾರಣ ಅನ್ನುವ ಲೆಕ್ಕ ಇದೆ.

ಎರಡನೆಯದು ಬಣ್ಣದ ಕಾರ್ಖಾನೆಯ ರಾಸಾಯನಿಕಗಳು. 1895ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸರ್ಜನ್ ಲುಡ್ವಿಗ್ ರೆನ್, ಬಟ್ಟೆ ಬಣ್ಣ ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆ ಕಂಡು ವರದಿ ಮಾಡಿದ್ದರು. ಬಣ್ಣ, ರಬ್ಬರ್, ಪೇಂಟಿಂಗ್ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಸರಿ.

ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಮಾತ್ರೆಯ ಗೊಂದಲ ಬೇರೆ. ಇದೇ ಕ್ಯಾನ್ಸರಿನ ಅನುಮಾನದ ಮೇಲೆ 2013ರ ಜೂನ್‌ನಲ್ಲಿ ಭಾರತ ಸರ್ಕಾರ ಅದರ ಮಾರಾಟ ನಿಲ್ಲಿಸಿತು. ಜುಲೈ ಕೊನೆಗೆ ಆದೇಶ ವಾಪಸ್ ಪಡೆಯಿತು, ಎಚ್ಚರಿಕೆ ಚೀಟಿ ಕಡ್ಡಾಯ ಮಾಡಿತು. ಕೆಲವು ಅಧ್ಯಯನಗಳಲ್ಲಿ ಸಣ್ಣ ಅಪಾಯ ಕಂಡಿತ್ತು, ಕೆಲವಲ್ಲಿ ಕಾಣಲಿಲ್ಲ. ಮಾತ್ರೆ ಅಗ್ಗ, ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಉಳಿಯಿತು. ಈಗಾಗಲೇ ಮೂತ್ರಕೋಶದ ಕ್ಯಾನ್ಸರ್ ಇದ್ದವರು, ಮೂತ್ರದಲ್ಲಿ ರಕ್ತ ಹೋಗುತ್ತಿರುವವರು ಅದನ್ನು ತೆಗೆದುಕೊಳ್ಳಬಾರದು. ಉಳಿದವರು ಫಾರ್ವರ್ಡ್ ನೋಡಿ ಸುಮ್ನೆ ಮಾತ್ರೆ ಬಿಟ್ಟು ಸಕ್ಕರೆ ಏರಿಸಿಕೊಂಡರೆ ಅದು ಇನ್ನೊಂದು ಅನಾಹುತ.

ಇನ್ನೊಂದನ್ನು ಮಲೆನಾಡಿನವರಿಗೆ ಹೇಳಲೇಬೇಕು. ಹಾವಿನ ವಿಷಕ್ಕೆ, ಜ್ವರಕ್ಕೆ ಅಂತ ಹಿತ್ತಲ ಮದ್ದಿನಲ್ಲಿ ಬಳಸುವ ಈಶ್ವರಿ ಬೇರು ಅರಿಸ್ಟೊಲೋಕಿಯ ಅನ್ನುವ ಜಾತಿಯ ಬಳ್ಳಿ. ಈ ಜಾತಿಯ ಗಿಡಗಳಲ್ಲಿರುವ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳ ಕ್ಯಾನ್ಸರ್ ತರುತ್ತದೆ ಅನ್ನುವುದು ಬೆಲ್ಜಿಯಂ ಮತ್ತು ತೈವಾನ್‌ನ ಅನುಭವದಿಂದ ಖಚಿತವಾಗಿದೆ. ಅಲ್ಲಿ ಬಳಸಿದ್ದು ಬೇರೆ ಪ್ರಭೇದ, ಆದರೆ ಆಮ್ಲ ಅದೇ.

ಟಿಬಿ ಲಸಿಕೆಗೆ ಇಲ್ಲೇನು ಕೆಲಸ

ಎಡ ತೋಳಿನ ಮೇಲೆ ಬಹುತೇಕ ಎಲ್ಲರಿಗೂ ಒಂದು ಕಲೆ ಇರುತ್ತದಲ್ವಾ, ಅದೇ ಬಿಸಿಜಿ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಹಸುವಿನ ಕ್ಷಯದ ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಮರುಬೆಳೆಸಿ, ಅದರ ಉಗ್ರತೆ ಇಳಿಸಿ, 1921ರಲ್ಲಿ ಮೊದಲ ಸಲ ಮನುಷ್ಯರಿಗೆ ಕೊಟ್ಟ ಲಸಿಕೆ. ಮೂತ್ರಕೋಶಕ್ಕೆ ಅದನ್ನು ತಂದವರು ಕೆನಡಾದ ಅಲ್ವಾರೊ ಮೊರಾಲೆಸ್. 1976ರಲ್ಲಿ ಒಂಬತ್ತು ರೋಗಿಗಳ ಫಲಿತಾಂಶ ಪ್ರಕಟಿಸಿದರು. ವಾರಕ್ಕೊಂದರಂತೆ ಆರು ವಾರ. ಆರೇ ಯಾಕೆ? ಅವರಿಗೆ ಸಿಗುತ್ತಿದ್ದ ಬಿಸಿಜಿ ಆರು ಬಾಟಲಿಯ ಪೊಟ್ಟಣದಲ್ಲಿ ಬರುತ್ತಿತ್ತು. ಇವತ್ತಿಗೂ ಜಗತ್ತಿನಾದ್ಯಂತ ಆರು ವಾರವೇ ನಡೆದಿದೆ!

ಇಲ್ಲಿ ಅದು ಲಸಿಕೆಯ ಕೆಲಸ ಮಾಡುವುದಿಲ್ಲ. ಜೀವಂತ ಬ್ಯಾಕ್ಟೀರಿಯಾ ಒಳಪೊರೆಗೆ ಅಂಟಿಕೊಳ್ಳುತ್ತದೆ. ಅದನ್ನು ಓಡಿಸಲು ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಆ ಉರಿಯೂತದಲ್ಲಿ ಉಳಿದುಕೊಂಡ ಕ್ಯಾನ್ಸರ್ ಕೋಶಗಳೂ ಸಾಯುತ್ತವೆ. ಪ್ರಮಾಣ ಮಗುವಿಗೆ ಕೊಡುವುದಕ್ಕಿಂತ ನೂರಾರು ಪಟ್ಟು ಜಾಸ್ತಿ. ಹಾಗಾಗಿ ತೋಳಿಗೆ ಬಿಸಿಜಿ ಚುಚ್ಚಿಸಿಕೊಂಡರೆ ಮೂತ್ರಕೋಶಕ್ಕೆ ಏನೂ ಆಗುವುದಿಲ್ಲ. ಫಾರ್ವರ್ಡ್‌ಗಳು ಹೇಳದೆ ಬಿಡುವುದು ಇದನ್ನೇ.

ಕ್ರಮ ಹೀಗಿದೆ. ಮೊದಲು ದುರ್ಬೀನಿನಲ್ಲೇ ಗೆಡ್ಡೆ ಕೆರೆದು ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ ಟಿಯುಆರ್‌ಬಿಟಿ ಅನ್ನುತ್ತಾರೆ. ತುಣುಕು ಬಯಾಪ್ಸಿಗೆ ಹೋಗುತ್ತದೆ. ಕಡಿಮೆ ಅಪಾಯದ್ದಾದರೆ ಅಷ್ಟಕ್ಕೇ ಮುಗಿಯಬಹುದು, ಬಿಸಿಜಿ ಬೇಕಿಲ್ಲ. ಉಗ್ರ ಗ್ರೇಡ್, ಟಿ1 ಅಥವಾ ಸಿಐಎಸ್ ಇದ್ದರೆ ಗಾಯ ಮಾಗಲು ಕನಿಷ್ಠ ಎರಡು ವಾರ ಬಿಟ್ಟು ಬಿಸಿಜಿ ಶುರು. ಆರು ವಾರದ ನಂತರವೂ ಮುಗಿಯುವುದಿಲ್ಲ. ಮೂರನೇ ತಿಂಗಳು, ಆರನೇ ತಿಂಗಳು, ಆಮೇಲೆ ಆರಾರು ತಿಂಗಳಿಗೆ ಮೂರು-ಮೂರು ಡೋಸ್. ಹೆಚ್ಚು ಅಪಾಯವಿದ್ದವರಿಗೆ ಮೂರು ವರ್ಷದವರೆಗೆ.

ಒಂದು ಡೋಸಿನ ದಿನ ಹೇಗಿರುತ್ತದೆ ನೋಡಿ. ಬೆಳಗ್ಗೆಯಿಂದ ನೀರು, ಕಾಫಿ ಕಡಿಮೆ. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ. ರಕ್ತವೋ ಸೋಂಕೋ ಇದ್ದರೆ ಅವತ್ತು ಕೊಡುವುದಿಲ್ಲ, ಯಾಕೆಂದರೆ ಗಾಯದ ಮೂಲಕ ಬಿಸಿಜಿ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಎಲ್ಲ ಸರಿ ಇದ್ದರೆ ತೆಳುವಾದ ಕೆಥೀಟರ್ ಹಾಕಿ, ಸಾಮಾನ್ಯವಾಗಿ 50 ಮಿಲಿಲೀಟರ್ ದ್ರಾವಣ ಬಿಟ್ಟು, ಕೆಥೀಟರ್ ತೆಗೆಯುತ್ತಾರೆ. ಎರಡು ಗಂಟೆ ಮೂತ್ರ ಕಟ್ಟಿಕೊಂಡಿರಬೇಕು. ಆಮೇಲೆ ಆರು ಗಂಟೆಯವರೆಗೆ ಪ್ರತಿ ಸಲವೂ ಕೂತೇ ಮೂತ್ರ ಮಾಡಿ, ಗುಂಡಿಗೆ ಬ್ಲೀಚ್ ಸುರಿದು, ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು ನೀರು ಹಾಕಬೇಕು. ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ ಅಲ್ವಾ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹತ್ತಿರವೇ ಮನೆ ಇದ್ದವರಿಗೆ ಇದು ಕಷ್ಟವಲ್ಲ. ಎಪ್ಪತ್ತು ಕಿಲೋಮೀಟರ್ ಆಚೆ ಸಾಗರದಿಂದ, ಅದಕ್ಕೂ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದವರಿಗೆ ಆ ಆರು ಗಂಟೆ ಕಳೆಯುವುದು ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ. ಡೋಸ್ ತಪ್ಪುವುದಕ್ಕೆ ಇದು ಸಣ್ಣ ಕಾರಣವೇನಲ್ಲ.

ಉರಿ, ಪದೇ ಪದೇ ಮೂತ್ರ, ಒಂದೆರಡು ದಿನ ಸಣ್ಣ ಜ್ವರ ಸಹಜ. ಜ್ವರ ಜೋರಾಗಿ ಎರಡು ದಿನ ದಾಟಿದರೆ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ತಂದ ಆಂಟಿಬಯಾಟಿಕ್ ನುಂಗಬಾರದು. ಮೂತ್ರದ ಉರಿಗೆ ಕೊಡುವ ಕ್ವಿನೊಲೋನ್ ಗುಂಪಿನ ಮಾತ್ರೆಗಳು ಬಿಸಿಜಿಯನ್ನೇ ಕೊಂದುಬಿಡುತ್ತವೆ. ಆಗ ಆ ಡೋಸು ದಂಡ.

ಬಾಟಲಿಯೇ ಸಿಗದಿದ್ದರೆ

ಮಂಗನ ಕಾಯಿಲೆಯ ಲಸಿಕೆ 2022ರಲ್ಲಿ ನಿಂತೇ ಹೋದದ್ದನ್ನು ನೋಡಿದ ಮಲೆನಾಡಿಗೆ ಇಂಥ ಕೊರತೆ ಹೊಸದಲ್ಲ. ಬಿಸಿಜಿಯ ಕೊರತೆ ಮಾತ್ರ ಜಗತ್ತಿನದು. ಬ್ಯಾಕ್ಟೀರಿಯಾ ಬೆಳೆಸಿ ಒಂದು ಬ್ಯಾಚ್ ಸಿದ್ಧವಾಗಲು ಮೂರು ತಿಂಗಳಿಗೂ ಜಾಸ್ತಿ ಬೇಕು. ಬೆಲೆ ಕಡಿಮೆ, ಲಾಭವೂ ಕಡಿಮೆ. ಸನೋಫಿ ಕಂಪನಿಯ ಟೊರೊಂಟೊ ಘಟಕ 2012ರಲ್ಲಿ ನೀರು ನುಗ್ಗಿ ಹಾಳಾಯಿತು. 2017ಕ್ಕೆ ಕಂಪನಿ ಈ ತಯಾರಿಕೆಯನ್ನೇ ಬಿಟ್ಟಿತು. ಅಮೆರಿಕ ಒಂದೇ ಕಂಪನಿಯ ಮೇಲೆ ನಿಂತಿತು. ಭಾರತದಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮೂತ್ರಕೋಶಕ್ಕೆಂದೇ ಬಿಸಿಜಿ ಮಾಡುತ್ತದೆ.

ಕೊರತೆ ಬಂದಾಗ ಏನು ಮಾಡಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇತ್ತು. ಒಂದು ಬಾಟಲಿಯನ್ನು ಮೂವರಿಗೆ ಹಂಚುವುದೋ, ವಾರಗಳನ್ನೇ ಕಡಿಮೆ ಮಾಡುವುದೋ? ಎರಡನೆಯದನ್ನು ಯುರೋಪಿನ ನಿಂಬಸ್ ಪ್ರಯೋಗ ಪರೀಕ್ಷಿಸಿತು. ಆರರ ಬದಲು ಮೂರೇ ಆರಂಭಿಕ ಡೋಸ್ ಕೊಟ್ಟವರಲ್ಲಿ ನೂರಕ್ಕೆ 27 ಜನರಿಗೆ ಕ್ಯಾನ್ಸರ್ ಮರುಕಳಿಸಿತು. ಪೂರ್ತಿ ಕೊಟ್ಟವರಲ್ಲಿ 12. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮೂರನೇ ಒಂದರಷ್ಟು ಪ್ರಮಾಣ ಕೊಟ್ಟಾಗ ನಷ್ಟ ಅಷ್ಟಿಲ್ಲ, ಆದರೂ ಉಗ್ರ ಗೆಡ್ಡೆಗೆ ಪೂರ್ತಿ ಪ್ರಮಾಣವೇ ಮೇಲು. ಅಂದರೆ ಅನಿವಾರ್ಯವಾದರೆ ಪ್ರಮಾಣ ಇಳಿಸಬಹುದು, ವಾರ ತಪ್ಪಿಸಬಾರದು. ಬಸ್ಸಿನ ತೊಂದರೆಗೆ ವಾರ ತಪ್ಪಿಸುವ ಮಲೆನಾಡಿನ ರೋಗಿ, ಕೊರತೆ ಇಲ್ಲದಿದ್ದರೂ ನಿಂಬಸ್‌ನ ಕೆಟ್ಟ ಗುಂಪಿಗೇ ಸೇರಿದ ಹಾಗಾಯಿತು.

ತೆಗೆಯುವುದೋ, ಉಳಿಸುವುದೋ

ಸ್ನಾಯುವಿಗೆ ಇಳಿದ ಕಾಯಿಲೆಗೆ ಬಿಸಿಜಿ ಕೆಲಸ ಮಾಡುವುದಿಲ್ಲ. ಹಳೆಯ ದಾರಿ: ಸಿಸ್‌ಪ್ಲಾಟಿನ್ ಇರುವ ಕೀಮೋ ಕೊಟ್ಟು, ಮೂತ್ರಕೋಶ ತೆಗೆಯುವುದು. ಸಣ್ಣ ಕರುಳಿನ ತುಂಡೊಂದರ ಮೂಲಕ ಮೂತ್ರವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ಬಿಡುತ್ತಾರೆ, ಅಥವಾ ಕರುಳಿನಿಂದಲೇ ಒಳಗೆ ಹೊಸ ಚೀಲ ಹೊಲಿಯುತ್ತಾರೆ. ಹೊರಚೀಲ ಹಾಕಿಕೊಂಡವರು ತೋಟದ ಕೆಲಸಕ್ಕೆ ಮರಳಬಹುದು. ಆದರೆ ಭಾರದ ಮೂಟೆ ಎತ್ತಿದರೆ ಆ ರಂಧ್ರದ ಪಕ್ಕ ಹರ್ನಿಯಾ ಆಗುವ ಅಪಾಯವಿದೆ.

ಇನ್ನೊಂದು ದಾರಿ, ಗೆಡ್ಡೆಯನ್ನು ಆದಷ್ಟೂ ಕೆರೆದು, ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟು ಮೂತ್ರಕೋಶ ಉಳಿಸುವುದು. ಎರಡನ್ನೂ ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸಿದ ದೊಡ್ಡ ಪ್ರಯೋಗ ಪೂರ್ಣಗೊಂಡಿಲ್ಲ. 2023ರಲ್ಲಿ ಉತ್ತರ ಅಮೆರಿಕದ 722 ರೋಗಿಗಳ ದಾಖಲೆ ಹೊಂದಿಸಿ ನೋಡಿದಾಗ, ಸರಿಯಾಗಿ ಆರಿಸಿದವರಲ್ಲಿ ಕ್ಯಾನ್ಸರ್ ಹರಡುವ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. 'ಸರಿಯಾಗಿ ಆರಿಸಿದವರು' ಅನ್ನುವುದನ್ನು ಮರೆಯಬಾರದು. ಒಂದೇ ಗೆಡ್ಡೆ ಇರಬೇಕು, ಸಿಐಎಸ್ ಹರಡಿರಬಾರದು, ಎರಡೂ ಕಿಡ್ನಿಯ ದಾರಿ ಕಟ್ಟಿರಬಾರದು.

ಉಳಿಸುವುದೇ ಸುಲಭ ಅಂತ ಮೇಲುನೋಟಕ್ಕೆ ಅನಿಸುತ್ತದೆ. ಆದರೆ ನಾಲ್ಕರಿಂದ ಆರೂವರೆ ವಾರ, ವಾರಕ್ಕೆ ಐದು ದಿನ ರೇಡಿಯೇಷನ್. ಆಮೇಲೆ ಬದುಕಿಡೀ ದುರ್ಬೀನು ಪರೀಕ್ಷೆ. ಮತ್ತೆ ಬಂದರೆ ಆಗ ತೆಗೆಯಲೇಬೇಕು, ರೇಡಿಯೇಷನ್ ಆದ ಜಾಗದಲ್ಲಿ ಆ ಆಪರೇಷನ್ ಇನ್ನೂ ಕಷ್ಟ. ಹಾಗಾಗಿ ದೂರದ ಊರಿನವರಿಗೆ ಇದು ಬರೀ ಕತ್ತರಿ ಬೇಕೋ ಬೇಡವೋ ಅನ್ನುವ ಪ್ರಶ್ನೆಯಲ್ಲ. ಮೂರು ತಿಂಗಳಿಗೊಮ್ಮೆ ಬರಲು ಸಾಧ್ಯವಾ, ಜೊತೆಗೆ ಯಾರು ಬರುತ್ತಾರೆ ಅನ್ನುವುದನ್ನೂ ನಿರ್ಧಾರಕ್ಕೆ ಮೊದಲೇ ವೈದ್ಯರ ಮುಂದೆ ಇಡಬೇಕು.

ತೆರಿಗೆ ಇಳಿಯಿತು, ಖರ್ಚು?

ಜಿಎಸ್‌ಟಿ ಇಳಿಯುವ ಮೊದಲೇ, 2024ರ ಜುಲೈ ಬಜೆಟ್‌ನಲ್ಲಿ ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಡುರ್ವಾಲುಮಾಬ್ ಒಂದು. ಇದನ್ನು ಕೀಮೋ ಜೊತೆ ಆಪರೇಷನ್ನಿನ ಮೊದಲು, ಮತ್ತೆ ಆಪರೇಷನ್ನಿನ ನಂತರವೂ ಕೊಟ್ಟಾಗ ಎರಡು ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 82, ಕೀಮೋ ಮಾತ್ರ ಕೊಟ್ಟವರಲ್ಲಿ 75. ಹರಡಿದ ಕಾಯಿಲೆಗೆ ಎನ್‌ಫೋರ್ಟುಮಾಬ್ ಮತ್ತು ಪೆಂಬ್ರೊಲಿಜುಮಾಬ್ ಜೋಡಿ ಬದುಕುವ ಅವಧಿಯನ್ನು ಸುಮಾರು 16 ತಿಂಗಳಿಂದ 31ಕ್ಕೆ ಏರಿಸಿತು. ಈ ಕಾಯಿಲೆಯಲ್ಲಿ ದಶಕಗಳಿಂದ ಇಂಥ ಏರಿಕೆ ಕಂಡಿರಲಿಲ್ಲ. ಲಾಭ ನಿಜ. ಆದರೆ ಒಂದೊಂದು ಡೋಸಿಗೂ ಲಕ್ಷದ ಲೆಕ್ಕದಲ್ಲಿ ಮಾತಾಡುವ ಔಷಧಿಗೆ ತೆರಿಗೆ ಇಳಿದರೆ, ಅಡಿಕೆ ಮಾರಿ ಬದುಕುವ ಮನೆಗೆ ಅದು ಕೈಗೆಟುಕುವಂತಾಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಕಿದ್ವಾಯಿಗೆ ಹೋಗುವುದಾದರೂ, ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದಾದರೂ, ರೆಫರಲ್ ಚೀಟಿ ಮತ್ತು ಆ ಪ್ಯಾಕೇಜಿನಲ್ಲಿ ಯಾವ ಔಷಧಿ ಸೇರಿದೆ ಅನ್ನುವುದನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಆ ಪುಟ್ಟ ಕೊಳವೆ. ಇನ್ಲೆಕ್ಸೋ ಅನ್ನುವ ಹೆಸರಿನದು. ಮೂತ್ರಕೋಶದೊಳಗೆ ಮೂರು ವಾರ ಕೂತು ನಿಧಾನವಾಗಿ ಔಷಧಿ ಬಿಡುತ್ತದೆ. ಒಳಗಿರುವುದು ಜೆಮ್ಸಿಟಾಬಿನ್, ಭಾರತದ ಎಷ್ಟೋ ಕಂಪನಿಗಳು ತಯಾರಿಸುವ ಹಳೆಯ ಕೀಮೋ. ಪ್ರಯೋಗದ 83 ರೋಗಿಗಳಲ್ಲಿ ಶೇ. 82 ಜನರಲ್ಲಿ ಕ್ಯಾನ್ಸರ್ ಕಾಣದಾಯಿತು. ಅವರಲ್ಲಿ ವರ್ಷದವರೆಗೂ ಹಾಗೇ ಉಳಿದವರು ಸುಮಾರು ಅರ್ಧ. ಅದೇ ಜೆಮ್ಸಿಟಾಬಿನ್ ಮತ್ತು ಡೋಸಿಟ್ಯಾಕ್ಸೆಲ್ ಅನ್ನು ಕೆಥೀಟರಿನಲ್ಲಿ ಒಂದರ ಹಿಂದೆ ಒಂದು ಬಿಡುವ ಅಗ್ಗದ ಪದ್ಧತಿಯೂ ಒಳ್ಳೆಯ ಫಲ ಕೊಟ್ಟಿದೆ. ಎರಡೂ ಹಳೆಯ ಔಷಧಿ, ಅದರ ಜಾಹೀರಾತಿಗೆ ದುಡ್ಡು ಹಾಕುವವರಿಲ್ಲ. ನಮ್ಮ ಕಡೆಗೆ ಇದೇ ಮೊದಲು ಬಂದರೆ ಆಶ್ಚರ್ಯವಿಲ್ಲ.

ಫೈಲಿನಲ್ಲಿ ಏನಿರಬೇಕು

ಮೊದಲ ಟಿಯುಆರ್‌ಬಿಟಿಯ ಬಯಾಪ್ಸಿ ರಿಪೋರ್ಟ್ ಬಂದಾಗ ಕೇಳಬೇಕಾದ ಒಂದು ಮಾತು ಇದೆ: ತುಣುಕಿನಲ್ಲಿ ಸ್ನಾಯು ಸಿಕ್ಕಿದೆಯಾ? ಸಿಗದಿದ್ದರೆ ಆಳ ಎಷ್ಟು ಅಂತ ಹೇಳಲು ಬರುವುದಿಲ್ಲ. ಟಿ1 ಇದ್ದರೆ ಎರಡರಿಂದ ಆರು ವಾರದೊಳಗೆ ಮತ್ತೊಮ್ಮೆ ಕೆರೆಯುವುದು ಕ್ರಮ. 'ಒಂದು ಸಲ ಆಯ್ತಲ್ಲ, ಮತ್ತೆ ಯಾಕೆ ದುಡ್ಡಿಗೆ ಮಾಡ್ತಾರೆ' ಅನ್ನುವ ಅನುಮಾನ ಮನೆಮಂದಿಗೆ ಬರುವುದು ಸಹಜ. ಆದರೆ ಮೊದಲ ಸಲ ಉಳಿದುಹೋದದ್ದು, ಆಳ ತಪ್ಪಾಗಿ ಅಂದಾಜಾದದ್ದು ಗೊತ್ತಾಗುವುದು ಈ ಎರಡನೆಯ ಸಲವೇ.

ಬಿಸಿಜಿಯ ಪ್ರತಿ ಡೋಸಿನ ದಿನಾಂಕ, ಪ್ರಮಾಣ ಬರೆಸಿಕೊಳ್ಳಬೇಕು. ಅಮೆರಿಕ ಒಪ್ಪಿದ ಕೊಳವೆಯಾಗಲಿ, 2024ರಲ್ಲಿ ಒಪ್ಪಿದ ಅಂಕ್ಟಿವಾ ಅನ್ನುವ ಔಷಧಿಯಾಗಲಿ, 'ಬಿಸಿಜಿಗೆ ಬಗ್ಗದ' ಸಿಐಎಸ್ ಇರುವವರಿಗೆ ಮಾತ್ರ. ಆ ಪಟ್ಟಿಗೆ ಸೇರಲು ಮೊದಲ ಆರರಲ್ಲಿ ಕನಿಷ್ಠ ಐದು, ಆಮೇಲೆ ಕನಿಷ್ಠ ಎರಡು ಡೋಸ್ ಆಗಿರಬೇಕು. ಮಳೆಗಾಲದಲ್ಲಿ ಎರಡು ವಾರ, ಅಡಿಕೆ ಕೊಯ್ಲಿನಲ್ಲಿ ಒಂದು ವಾರ ತಪ್ಪಿ ಮೂರೇ ಡೋಸ್ ಆದ ರೋಗಿಗೆ ಕ್ಯಾನ್ಸರ್ ಮರಳಿದರೆ, ಅದು ಬಿಸಿಜಿ ಸೋತದ್ದೋ, ಬಿಸಿಜಿ ಸಾಲದ್ದೋ ಅಂತ ಯಾವ ವೈದ್ಯರೂ ಹೇಳಲಾರರು. ಹೊಸ ಔಷಧಿ ಇಲ್ಲಿಗೆ ಬಂದ ದಿನವೂ ಅವರಿಗೆ ಸಿಗುವ ಸಲಹೆ, ಮೊದಲಿಂದ ಆರು ವಾರ ಬಿಸಿಜಿ ಶುರುಮಾಡಿ ಅನ್ನುವುದೇ.